ಕಥೆಯ ತೆರೆ, ಚಿಂತನೆಯ ಮುಖ

ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಹೋಗಿಬಂದವರನ್ನು ಚೆನ್ನಬಸವಣ್ಣನ ವಿಷಯ ಕೇಳಿ ನೋಡಿ. ಬಸವಣ್ಣನವರ ಸೋದರಳಿಯ, ಅವಿರಳಜ್ಞಾನಿ, ಉಳವಿಯಲ್ಲಿ ಐಕ್ಯನಾದವನು ಎಂದು ಎಲ್ಲರೂ ಹೇಳಿಯಾರು. ಅವನ ಒಂದು ವಚನವನ್ನು ಬಿಡಿಸಿ ಹೇಳಿರೆಂದರೆ ಮಾತು ನಿಲ್ಲುತ್ತದೆ. ಬಾಗಿಲಕೋಟೆ, ಬಾದಾಮಿ, ಇಳಕಲ್ಲುಗಳಲ್ಲಿಯೂ ನನಗಾದ ಅನುಭವ ಇದೇ. ಪೂಜೆ ಉಳಿಯಿತು, ಓದು ಹಿಂದೆ ಬಿತ್ತು. ಹೀಗೇಕಾಯಿತು?

ಇಂಥದೇ ಗತಿ ಇಂಗ್ಲೆಂಡಿನ ರಿಚರ್ಡ್ ಹೂಕರನಿಗೂ (1554–1600) ಒದಗಿತ್ತು. ಆಂಗ್ಲಿಕನ್ ಸಭೆಯ ತತ್ತ್ವಕ್ಕೆ ತಳಹದಿ ಹಾಕಿದವನು ಅವನು. ಸಭೆಯ ಆಡಳಿತದ ಕ್ರಮವೆಲ್ಲ ಬೈಬಲ್ಲಿನಿಂದಲೇ ಬರಬೇಕೆಂದು ಪಟ್ಟುಹಿಡಿದ ಪ್ಯೂರಿಟನ್ನರಿಗೆ, ವಿವೇಕವೂ ದೇವರ ಕೊಡುಗೆಯೇ ಅಲ್ಲವೆ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟ. ಅವನ ಮಹಾಗ್ರಂಥದ ಮೊದಲ ನಾಲ್ಕು ಭಾಗಗಳು 1593ರಲ್ಲಿ ಹೊರಬಂದವು. ಮುಂದೆ 1689ರಲ್ಲಿ ಜಾನ್ ಲಾಕ್ ತನ್ನ ರಾಜನೀತಿಯ ವಾದಕ್ಕೆ ಇವನನ್ನೇ ಸಾಕ್ಷಿಗೆ ಕರೆದ. ಆದರೆ 1665ರಲ್ಲಿ ಐಸಾಕ್ ವಾಲ್ಟನ್ ಬರೆದ ಜೀವನಚರಿತ್ರೆಯಿಂದ ಜನರ ನೆನಪಿನಲ್ಲಿ ನಿಂತ ಹೂಕರನೇ ಬೇರೆ: ಕುರಿ ಕಾಯುವ, ಹೆಂಡತಿ ಕೂಗಿದರೆ ಓಡಿಹೋಗಿ ತೊಟ್ಟಿಲು ತೂಗುವ ಬಡಪಾಯಿ. ಕಥೆ ಸೊಗಸಾಗಿತ್ತು, ಹೀಗಾಗಿ ಶತಮಾನಗಳು ನಡೆಯಿತು. 1940ರಲ್ಲಿ ಸಿ. ಜೆ. ಸಿಸ್ಸನ್ ಹಳೆಯ ನ್ಯಾಯಾಲಯದ ಕಾಗದಗಳನ್ನು ತಿರುವಿ, ಆ ದಾಂಪತ್ಯದ ಮೇಲೆ ಹೊರಿಸಿದ್ದ ಅಪವಾದಕ್ಕೆ ಆಧಾರವಿಲ್ಲವೆಂದು ತೋರಿಸಿದ.

ನಮ್ಮಲ್ಲಿ ವಾಲ್ಟನ್ನನ ಸ್ಥಾನದಲ್ಲಿರುವವನು ವಿರೂಪಾಕ್ಷ ಪಂಡಿತ. ಅವನ 'ಚೆನ್ನಬಸವ ಪುರಾಣ' (1584) ವಾರ್ಧಕ ಷಟ್ಪದಿಯ ಪ್ರೌಢ ಕಾವ್ಯ. ಅಲ್ಲಿ ಚೆನ್ನಬಸವಣ್ಣ ಸಿದ್ಧರಾಮನಿಗೆ ಶಿವಲೀಲೆಗಳನ್ನೂ ಪುರಾತನರ ಕಥೆಗಳನ್ನೂ ಹೇಳುತ್ತಾನೆ. ಕವಿಯ ಪಾಂಡಿತ್ಯ ದೊಡ್ಡದು. ಆದರೆ ನಾಯಕ ಇಲ್ಲಿ ಕಥೆ ಹೇಳುವವನಾದನೇ ಹೊರತು ಚಿಂತಿಸುವವನಾಗಲಿಲ್ಲ. ವಾಲ್ಟನ್ ಹೂಕರನನ್ನು ಕುಗ್ಗಿಸಿದ, ವಿರೂಪಾಕ್ಷ ಪಂಡಿತ ಚೆನ್ನಬಸವಣ್ಣನನ್ನು ಹಿಗ್ಗಿಸಿದ. ಮರೆಯಾದುದು ಮಾತ್ರ ಎರಡು ಕಡೆಯೂ ಒಂದೇ: ವಿಚಾರ.

ಆ ವಿಚಾರ ಸಾಮಾನ್ಯವಾದುದಲ್ಲ. ಬಸವಣ್ಣನವರದು ಉಕ್ಕುವ ಹೃದಯ. ಅದಕ್ಕೆ ದಂಡೆ ಕಟ್ಟಿದವನು ಚೆನ್ನಬಸವಣ್ಣ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ವಿವೇಚನೆಯನ್ನು ಅವನಷ್ಟು ಬಿಗಿಯಾಗಿ ನಡೆಸಿದವರು ವಿರಳ. ಹೂಕರನಂತೆ ಇವನೂ ಕ್ರಾಂತಿಯ ಬೆನ್ನಿಗೆ ಬಂದ ವ್ಯವಸ್ಥಾಪಕ. ವ್ಯತ್ಯಾಸವೂ ಉಂಟು: ಹೂಕರ್ ಸಮರ್ಥಿಸಿದ್ದು ರಾಣಿಯ ಆಶ್ರಯದಲ್ಲಿದ್ದ ಸಭೆಯನ್ನು, ಚೆನ್ನಬಸವಣ್ಣ ಕಾಪಾಡಬೇಕಾದುದು ಕಲ್ಯಾಣದಿಂದ ಚೆದುರಿಹೋದವರ ನಂಬಿಕೆಯನ್ನು.

ದೋಷವಿಲ್ಲವೆನ್ನಲಾರೆ. 'ಕರಣಹಸಿಗೆ'ಯ ಎಣಿಕೆ, ವಿಂಗಡಣೆಗಳಲ್ಲಿ ಅನುಭವ ಒಣಗಿದಂತೆ ತೋರುವುದುಂಟು. ಆದರೆ ಆಚಾರವಿಲ್ಲದ ಲಾಂಛನವನ್ನು ಕೆಣಕುವ ವಚನಗಳಲ್ಲಿ ಅವನ ಮಾತು ಅಲಗಿನಂತೆ ಹರಿತ. ಈ ಗುಣದೋಷಗಳೆರಡೂ ಓದಿದವರಿಗೆ ಮಾತ್ರ ಕಾಣುವಂಥವು. ಸಂಗಮದ ದಾರಿ ನಮಗೆಲ್ಲ ಗೊತ್ತಿದೆ; ವಚನದ ದಾರಿಯನ್ನೂ ಒಮ್ಮೆ ಹಿಡಿಯಬಾರದೆ?