ನಾಗರಹಾವಿಗೆ ಹಾಲು, ಕೇರೆಹಾವಿಗೆ ದೊಣ್ಣೆ

ನಮ್ಮ ಚಿಕ್ಕಪ್ಪ 'ನಾಗರಹಾವು' ಸಿನಿಮಾವನ್ನು ಎಷ್ಟು ಸಲ ನೋಡಿದ್ದಾನೋ ಅವನಿಗೇ ಲೆಕ್ಕವಿಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಹೋಬಳಿಗೆ ಟೂರಿಂಗ್ ಟಾಕೀಸು ಬಂದಾಗಲೆಲ್ಲ ಮರಳು ಗುಡ್ಡೆ ಮಾಡಿಕೊಂಡು ನೆಲದ ಮೇಲೆ ಕೂತು ನೋಡಿದವನು. ಪಿಯುಸಿಯಲ್ಲಿದ್ದಾಗ ಹಾಸ್ಟೆಲಿನ ಸಾರಿನಲ್ಲಿ ಬೇಳೆ ಎಲ್ಲಿದೆ ಅಂತ ಕೇಳಿದ, ಮಾತಿಗೆ ಮಾತು ಬೆಳೆಯಿತು, ತಟ್ಟೆ ಎಸೆದ, ಹಾಸಿಗೆ ಸುತ್ತಿಕೊಂಡು ಊರಿಗೆ ಬಂದ. ಅಲ್ಲಿಗೆ ಓದು ಮುಗಿಯಿತು. ವಿಷ್ಣುವರ್ಧನ್ ಥರ ಕೈಗೊಂದು ಕಡಗ ಹಾಕಿಕೊಂಡ. ಆ ಕಡಗ ಈಗಲೂ ಇದೆ, ಕೈ ಮಾತ್ರ ಸಣ್ಣಗಾಗಿದೆ.

2018ರ ಜುಲೈನಲ್ಲಿ ಈ ಚಿತ್ರವನ್ನು ಹೊಸದಾಗಿ ತಿದ್ದಿ ತೀಡಿ ಮತ್ತೆ ಬಿಡುಗಡೆ ಮಾಡಿದರು. ನಾನು ಆಗ ಎಂ.ಎ. ಓದುತ್ತಿದ್ದೆ. ಚಿಕ್ಕಪ್ಪನನ್ನು ಕರೆದುಕೊಂಡು ಹೋದೆ. ಮೊದಲರ್ಧ ಶಿಳ್ಳೆ ಹೊಡೆದ. ಕೊನೆಗೆ ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಬಿದ್ದಾಗ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಪಕ್ಕದಲ್ಲಿ ಕೂತಿದ್ದ ನನಗೆ ಆಗ ಹುಟ್ಟಿದ ಪ್ರಶ್ನೆ ಇಷ್ಟೇ: ಇವನು ಯಾರಿಗಾಗಿ ಅಳುತ್ತಿದ್ದಾನೆ? ಇವನಿಗೆ ಎಂದೂ ಸಿಗದ ಒಬ್ಬ ಮೇಷ್ಟ್ರಿಗಾಗಿಯೇ?

ಕತೆ ಎಲ್ಲರಿಗೂ ಗೊತ್ತಿರುವುದೇ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ('ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ') ಒಂದುಗೂಡಿಸಿ ಪುಟ್ಟಣ್ಣ ಕಣಗಾಲರು ಮಾಡಿದ ಚಿತ್ರ, 1972ರ ಕೊನೆಯಲ್ಲಿ ತೆರೆಗೆ ಬಂತು. ಚಿತ್ರದುರ್ಗದ ಕಾಲೇಜು ಹುಡುಗ ರಾಮಾಚಾರಿ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬೀಳುತ್ತಾನೆ. ಪ್ರಿನ್ಸಿಪಾಲರು ಅವಮಾನ ಮಾಡಿ ಹೊರಗಟ್ಟುತ್ತಾರೆ. ರಾತ್ರಿ ಅವರ ಮನೆಗೆ ಕಲ್ಲು ತೂರಿ, ಹೊರಬಂದ ಅವರನ್ನು ಅರೆಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿಹಾಕುತ್ತಾನೆ. ಇಂಥ ಹುಡುಗನನ್ನು ಊರೆಲ್ಲ ಬೈಯುವಾಗ, ಮಕ್ಕಳಿಲ್ಲದ ಪ್ರೈಮರಿ ಶಾಲೆಯ ಚಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮ ಮಗನಂತೆ ಪ್ರೀತಿಸುತ್ತಾರೆ. ಗೆಳೆಯ ವರದರಾಜುವಿನ ತಂಗಿ ಅಲಮೇಲುವನ್ನು ರಾಮಾಚಾರಿ ಪ್ರೀತಿಸಿದಾಗ ಜಾತಿ ಬೇರೆ ಅಂತ ಅಡ್ಡ ಬರುತ್ತದೆ. ಮೇಷ್ಟ್ರು ತ್ಯಾಗ ಮಾಡು ಅನ್ನುತ್ತಾರೆ, ಮಾಡುತ್ತಾನೆ. ಮದುವೆಯಾಗಿ ಹೋದ ಅಲಮೇಲು ಮುಂದೆ ಅವನಿಗೆ ಸಿಗುವುದು ಒಂದು ಹೋಟೆಲಿನ ಕೋಣೆಯಲ್ಲಿ, ಮೈ ಮಾರುವ ಹೆಣ್ಣಾಗಿ. ಆಮೇಲೆ ಕ್ರೈಸ್ತರ ಹುಡುಗಿ ಮಾರ್ಗರೆಟ್. ಮೇಷ್ಟ್ರು ಮತ್ತೆ ಬೇಡ ಅನ್ನುತ್ತಾರೆ. ಈ ಸಲ ಶಿಷ್ಯ ಕೇಳುವುದಿಲ್ಲ. ಬೆಟ್ಟದ ಮೇಲೆ ಗುರುಶಿಷ್ಯರ ಮಾತು ಬೆಳೆದು, ರಾಮಾಚಾರಿಯ ಕೈಯಿಂದಲೇ ಮೇಷ್ಟ್ರು ಕೆಳಗೆ ಬೀಳುತ್ತಾರೆ. ಮಾರ್ಗರೆಟ್ ಜೊತೆ ಅವನೂ ಅಲ್ಲಿಂದಲೇ ಹಾರುತ್ತಾನೆ.

ಈ ಚಿತ್ರವನ್ನು ಜಾತಿ ವಿರೋಧಿ ಅಂತ ಹೊಗಳಿದವರು ಬಹಳ. ಆ ಮಾತಿನಲ್ಲಿ ಸತ್ಯವಿಲ್ಲ ಅನ್ನಲಾರೆ. ಅಲಮೇಲುವಿನ ಹೋಟೆಲ್ ಕೋಣೆಯ ದೃಶ್ಯದಲ್ಲಿ ಮೇಷ್ಟ್ರ ಬುದ್ಧಿಮಾತು ಏನು ಫಲ ಕೊಟ್ಟಿತು ಅನ್ನುವುದನ್ನು ಪುಟ್ಟಣ್ಣ ಮುಚ್ಚಿಡುವುದಿಲ್ಲ. ಕೆ.ಎಸ್. ಅಶ್ವತ್ಥ್ ಆ ಪಾತ್ರಕ್ಕೆ ತಂದ ಮೃದುತ್ವ ಎಷ್ಟು ದೊಡ್ಡದೆಂದರೆ, ಅವರು ತಪ್ಪು ಹೇಳುತ್ತಿದ್ದಾರೆ ಎಂದು ಗೊತ್ತಿದ್ದೂ ನಾವು ತಲೆ ತಗ್ಗಿಸಿ ಕೇಳುತ್ತೇವೆ. ಗುರುವಿನ ಪ್ರೀತಿ ಎಂಬುದು ಜಾತಿಯ ಕೆಲಸವನ್ನು ಎಷ್ಟು ಸಲೀಸಾಗಿ ಮಾಡಿಕೊಡುತ್ತದೆ ಅನ್ನುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಗದರಿಸಿ ಹೇಳುವ ಅಪ್ಪನನ್ನು ಎದುರಿಸಬಹುದು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುವ ಮೇಷ್ಟ್ರನ್ನು ಹೇಗೆ ಎದುರಿಸುವುದು?

ನನ್ನ ತಕರಾರು ಬೇರೆ ಕಡೆ ಇದೆ. ಈ ಚಿತ್ರದಲ್ಲಿ ಜಾತಿಯ ಪ್ರಶ್ನೆ ನಡೆಯುವುದು ಯಾರ ಯಾರ ನಡುವೆ? ರಾಮಾಚಾರಿ, ಅಲಮೇಲು, ವರದರಾಜು. ಹೆಸರು ಕೇಳಿದರೇ ಸಾಕು. ಮಡಿಯ ಮನೆಯ ಒಳಕೋಣೆಗೂ ನಡುಮನೆಗೂ ಇರುವ ಬಾಗಿಲನ್ನು ಈ ಚಿತ್ರ ಬಡಿಯುತ್ತದೆ. ಆ ಮನೆಯ ಹಿತ್ತಲಾಚೆಗಿನ ಕೇರಿಯ ಕಡೆಗೆ ಇರುವ ಬಾಗಿಲು ಚಿತ್ರದೊಳಗೆ ಇಲ್ಲವೇ ಇಲ್ಲ. ಜಾತಿಯನ್ನು ಎದುರಿಸಿದ ಹುಡುಗ ಅಂತ ನಾವು ಐವತ್ತು ವರ್ಷದಿಂದ ತಲೆ ಮೇಲೆ ಹೊತ್ತುಕೊಂಡು ಬಂದವನು ಕೇರಿಯ ಕಡೆ ಒಮ್ಮೆಯೂ ನೋಡದೆ ಸತ್ತವನು.

ಅದಕ್ಕಿಂತ ಮುಖ್ಯವಾದದ್ದು ಸಿಟ್ಟಿನ ಪ್ರಶ್ನೆ. ರಾಮಾಚಾರಿಯ ಸಿಟ್ಟಿಗೆ ಚಿತ್ರ ಒಂದು ಹೆಸರು ಕೊಡುತ್ತದೆ: ನಾಗರಹಾವು. ನಾಗರಹಾವು ಕಚ್ಚುತ್ತದೆ, ಆದರೆ ಅದು ದೇವರು. ಹುತ್ತಕ್ಕೆ ಹಾಲೆರೆಯುತ್ತಾರೆ, ಕಲ್ಲಿನಲ್ಲಿ ಕೆತ್ತಿ ಅರಳಿಕಟ್ಟೆಯಲ್ಲಿ ನಿಲ್ಲಿಸುತ್ತಾರೆ, ಸತ್ತರೆ ಸಂಸ್ಕಾರ ಮಾಡುತ್ತಾರೆ. ಅದರ ವಿಷ ಅದರ ಹುಟ್ಟುಗುಣ, ಹಾಗಾಗಿ ಅದರ ತಪ್ಪಲ್ಲ. ಹಲ್ಲು ಕಿತ್ತು ಬುಟ್ಟಿಗೆ ಹಾಕಲು ಬಂದವರದೇ ತಪ್ಪು. ಸಿನಿಮಾ ನೋಡಿದ ತ.ರಾ.ಸು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಅಂತ ಬೇಸರಪಟ್ಟರೆಂಬ ಮಾತು ಕನ್ನಡ ಚಿತ್ರರಂಗದಲ್ಲಿ ಬಹಳ ಪ್ರಸಿದ್ಧ. ಲೇಖಕರ ಬೇಸರ ಏನೇ ಇರಲಿ, ನನಗೆ ಆ ಮಾತಿನಲ್ಲಿ ಕುತೂಹಲ ಹುಟ್ಟಿಸಿದ್ದು ಕೇರೆಹಾವು. ಕೇರೆಗೆ ವಿಷವಿಲ್ಲ. ಇಲಿ ಹಿಡಿಯಲು ಕಣಕ್ಕೆ, ಗುಡಿಸಲಿಗೆ ಬರುತ್ತದೆ, ಬೇಸಾಯದವನಿಗೆ ಉಪಕಾರಿ. ಅದು ಕಂಡ ಕೂಡಲೇ ಜನ ದೊಣ್ಣೆ ಹುಡುಕುತ್ತಾರೆ. ಸತ್ತ ಮೇಲೆ ಕಡ್ಡಿಯಲ್ಲಿ ಎತ್ತಿ ಬೇಲಿಗೆ ಎಸೆಯುತ್ತಾರೆ. ಸಾರಿನಲ್ಲಿ ಬೇಳೆ ಕೇಳಿದ ನಮ್ಮ ಚಿಕ್ಕಪ್ಪನ ಸಿಟ್ಟು ಯಾವ ಹಾವಿನದು?

ಚಿತ್ರದೊಳಗೇ ಇನ್ನೊಬ್ಬ ಹುಡುಗನಿದ್ದಾನೆ. ಜಲೀಲ. ಅಲಮೇಲುವನ್ನು ಬುಲ್‌ಬುಲ್ ಅಂತ ಕರೆದು ಬೀದಿಯಲ್ಲಿ ಕಾಡುವವನು. ಅವನದೂ ಅದೇ ವಯಸ್ಸು, ಅದೇ ಬೀದಿ, ಅದೇ ಬಿಸಿಲು. ಅವನು ಮಾಡುವುದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಮನಿಸಿ: ಹಿರಿಯರೊಬ್ಬರನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದವನ ಹಿಂದೆ ಒಂದು ಬಾಲ್ಯ, ಒಂದು ಮನೆ, ಒಂದು ಅವಮಾನ, ಒಬ್ಬ ಮೇಷ್ಟ್ರು ಎಲ್ಲ ಇದ್ದಾರೆ. ಜಲೀಲನ ಹಿಂದೆ ಏನೂ ಇಲ್ಲ. ಅವನ ಮನೆ ಎಲ್ಲಿ, ಅವನಿಗೆ ಅಕ್ಷರ ಕಲಿಸಿದವರು ಯಾರು, ಅವನು ಯಾಕೆ ಹೀಗೆ ಅಂತ ಚಿತ್ರ ಕೇಳುವುದಿಲ್ಲ. ಹೊಡೆಸಿಕೊಳ್ಳುವುದಕ್ಕೆ ಬೇಕಾಗಿದ್ದ, ಹೊಡೆಸಿಕೊಂಡ, ಹೋದ. ಅದು ಅಂಬರೀಶರ ಮೊದಲ ಚಿತ್ರ. ಮುಂದೆ ಜನ ಅವರಿಗೇ ರೆಬೆಲ್ ಸ್ಟಾರ್ ಅಂತ ಬಿರುದು ಕೊಟ್ಟರು, ಆ ಮಾತು ಬೇರೆ. ಈ ಚಿತ್ರದ ಮಟ್ಟಿಗೆ ಬಂಡಾಯ ರಾಮಾಚಾರಿಯದು, ಜಲೀಲನದು ಪುಂಡಾಟ. ಪಾಪದಿಂದ ಬಿಡುಗಡೆ ಬಯಸುವ ಹಕ್ಕು ಕೂಡ ಹುಟ್ಟಿನಿಂದಲೇ ಬರುತ್ತದೇನೋ ಅನ್ನಿಸುವುದು ಇಲ್ಲಿ.

ಹಾಗಾದರೆ ದಲಿತರು ಚಿತ್ರದಲ್ಲಿ ಇಲ್ಲವೇ? ಇದ್ದಾರೆ. ಹಾಡಿನಲ್ಲಿದ್ದಾರೆ. ಒನಕೆ ಓಬವ್ವನ ಹಾಡು. ಜಯಂತಿ ಓಬವ್ವನಾಗಿ ಒನಕೆ ಹಿಡಿದು ಕಿಂಡಿಯ ಬಳಿ ನಿಂತ ಚಿತ್ರ ಕನ್ನಡಿಗರ ಮನಸ್ಸಿನಿಂದ ಅಳಿಸಿಲ್ಲ. ಇವತ್ತು ಓಬವ್ವ ಅಂದರೆ ನಮ್ಮ ಕಣ್ಣಿಗೆ ಬರುವ ಮುಖ ಜಯಂತಿಯದೇ. ಓಬವ್ವ ಹೊಲೆಯರ ಮಗಳು, ಛಲವಾದಿಗಳು ತಮ್ಮ ಮನೆಯ ಹೆಣ್ಣು ಅಂತ ಎದೆ ತಟ್ಟಿಕೊಂಡು ಹೇಳುವ ಹೆಸರು. ಹಾಡು ಅವಳನ್ನು ನಾಡಿನ ವೀರಳನ್ನಾಗಿ ಮಾಡುತ್ತದೆ, ದೇವತೆಗಳಿಗೆ ಹೋಲಿಸುತ್ತದೆ, ಜಾತಿಯ ಮಾತು ಮಾತ್ರ ಎತ್ತುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಈ ಹಾಡಿಗೆ ಕುಣಿಯುವ ಹುಡುಗಿಯರನ್ನು ಪ್ರತಿ ರಾಜ್ಯೋತ್ಸವದಲ್ಲೂ ನೋಡಿದ್ದೇನೆ. ಒನಕೆ ಹಿಡಿಯಲು ನಮ್ಮ ಕೇರಿಯ ಹುಡುಗಿಯನ್ನು ಒಮ್ಮೆಯೂ ಆರಿಸಿದ್ದು ನೆನಪಿಲ್ಲ. ಸರ್ಕಾರ ನವೆಂಬರ್ 11ನ್ನು ಓಬವ್ವ ಜಯಂತಿ ಅಂತ ಘೋಷಿಸಿದ್ದು 2021ರಲ್ಲಿ, ಹಾಡು ಬಂದು ಸುಮಾರು ಐವತ್ತು ವರ್ಷಕ್ಕೆ.

ಕೋಟೆ ಕಾದವಳು ಹಾಡಿಗೆ ಬೇಕು. ಅವಳ ವಂಶದ ಹುಡುಗನೊಬ್ಬ ಅದೇ ದುರ್ಗದ ಕಾಲೇಜಿನಲ್ಲಿ ರಾಮಾಚಾರಿಯ ಪಕ್ಕದ ಬೆಂಚಿನಲ್ಲಿ ಕೂತಿದ್ದರೆ ಅವನಿಗೆ ಈ ಕತೆಯಲ್ಲಿ ಜಾಗ ಎಲ್ಲಿತ್ತು?

ಆ ಹುಡುಗ ಆ ಹೊತ್ತಿನಲ್ಲಿ ಎಲ್ಲಿದ್ದ ಅನ್ನುವುದು ನಮಗೆ ಗೊತ್ತು. ಚಿತ್ರ ಬಂದು ವರ್ಷ ತುಂಬುವುದರೊಳಗೆ, 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಬೂಸಾ ಮಾತಿಗೆ ರಾಜ್ಯ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು, ಹಾಸ್ಟೆಲುಗಳ ಮೇಲೆ ದಾಳಿ ನಡೆಯಿತು, ಬಸವಲಿಂಗಪ್ಪ ಮಂತ್ರಿ ಪದವಿ ಕಳೆದುಕೊಂಡರು. ರಾಮಾಚಾರಿಯ ಸಿಟ್ಟಿಗೆ ಚಪ್ಪಾಳೆ ತಟ್ಟಿದ ಕನ್ನಡ ಜನ ಒಂದೇ ಒಂದು ಸಿಟ್ಟಿನ ಮಾತನ್ನು ತಡೆದುಕೊಳ್ಳಲಿಲ್ಲ. ಆ ಏಟಿನಿಂದಲೇ ಒಂದು ತಲೆಮಾರು ಎದ್ದು ಬಂತು. ದೇವನೂರರ 'ದ್ಯಾವನೂರು' ಅದೇ 1973ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ. ನಡುವೆ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ. ಈ ಹುಡುಗರನ್ನು ತಿದ್ದಲು ಯಾವ ಚಾಮಯ್ಯನೂ ಬೆಟ್ಟ ಹತ್ತಿ ಬರಲಿಲ್ಲ. ಅವರೇ ಒಬ್ಬರಿಗೊಬ್ಬರು ಮೇಷ್ಟ್ರಾದರು.

ಸಿನಿಮಾಕ್ಕೆ ಬಂದರೆ, 1975ರಲ್ಲಿ ಬಿ.ವಿ. ಕಾರಂತರ 'ಚೋಮನ ದುಡಿ' ಬಂತು, ಸ್ವರ್ಣಕಮಲ ಪಡೆಯಿತು. ನಾವು ಎಲ್ಲರೂ ಚೋಮನ ಸಂಕಟದ ಬಗ್ಗೆ ಬರೆದೆವು. ನನಗೆ ಈಗ ನೆನಪಾಗುವುದು ಅವನ ಮಗ ಗುರುವ. ಎಸ್ಟೇಟಿಗೆ ಹೋದವನು ಅಲ್ಲಿ ಕ್ರೈಸ್ತ ಹುಡುಗಿಯನ್ನು ಮೆಚ್ಚಿ, ಅವರ ಜಾತಿಗೇ ಸೇರಿ, ಸಾಲದ ಜೀತದಿಂದ ಪಾರಾಗುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ರೈಸ್ತ ಹುಡುಗಿಯ ಪ್ರೀತಿ ರಾಮಾಚಾರಿಗೆ ಬೆಟ್ಟದ ತುದಿ. ಗುರುವನಿಗೆ ಅದು ಬೆಟ್ಟ ಇಳಿಯುವ ದಾರಿ. ಮೇಲಿದ್ದವನು ಜಾತಿ ಕಳೆದುಕೊಂಡರೆ ದುರಂತ ಕಾವ್ಯ, ಕೆಳಗಿದ್ದವನು ಕಳೆದುಕೊಂಡರೆ ಹೊಟ್ಟೆ ತುಂಬ ಅನ್ನ. ಆದರೆ ಗುರುವನ ಕತೆ ಅಲ್ಲೂ ಪಕ್ಕಕ್ಕೇ ಸರಿಯುತ್ತದೆ, ಕ್ಯಾಮೆರಾ ದುಡಿ ಬಡಿಯುವ ಅಪ್ಪನ ಹತ್ತಿರವೇ ಉಳಿಯುತ್ತದೆ. ಅಳುವ ಮುದುಕ ಹೊಲೆಯನನ್ನು ನೋಡಲು ನಮ್ಮ ಚಿತ್ರರಂಗಕ್ಕೆ ಕಷ್ಟವಾಗಲಿಲ್ಲ. ಕೆರಳಿದ ಹೊಲೆಯರ ಹುಡುಗನನ್ನು ನೋಡಲು ಬಹಳ ಕಾಲ ಹಿಡಿಯಿತು.

ಇಷ್ಟು ಹೇಳಿದ ಮೇಲೂ ಚಿಕ್ಕಪ್ಪನ ಅಳು ನನ್ನನ್ನು ಬಿಡುವುದಿಲ್ಲ. ಮೋಸಹೋದ ಪ್ರೇಕ್ಷಕ, ಮೇಲುಜಾತಿಯ ಕಥನಕ್ಕೆ ಒಳಗಾದವನು ಅಂತ ಒಂದು ವಾಕ್ಯ ಬರೆದು ಮುಗಿಸಬಹುದಿತ್ತು. ನಮ್ಮ ವಿಮರ್ಶೆಯಲ್ಲಿ ಅಂಥ ವಾಕ್ಯಗಳಿಗೆ ಬರವಿಲ್ಲ. ಆದರೆ ಅವನು ಒಳಗಾದವನಲ್ಲ ಅಂತ ನನಗೆ ಅನ್ನಿಸುತ್ತದೆ. ಸಿನಿಮಾ ಮುಗಿದ ಮೇಲೆ ಬಸ್‌ಸ್ಟಾಂಡಿನಲ್ಲಿ ಟೀ ಕುಡಿಯುತ್ತಾ ಕೇಳಿದೆ: "ಚಿಕ್ಕಪ್ಪ, ಆ ರಾಮಾಚಾರಿ ನಮ್ಮೋನಲ್ಲ ಕಣಪ್ಪ, ಗೊತ್ತಾ?" ಅವನು ನಕ್ಕುಬಿಟ್ಟ. "ಗೊತ್ತಿಲ್ದೆ ಏನಪ್ಪ? ಪ್ರಿನ್ಸಿಪಾಲನ್ನ ಕಂಬಕ್ಕೆ ಕಟ್ಟಿ ಮಾರನೇ ದಿನ ಮನೇಲಿ ಉಣ್ಣಾಕೆ ಕುಂತವ್ನೆ ಅಂದ್ರೆ ನಮ್ಮೋನು ಹೆಂಗಾಗ್ತಾನೆ? ನಾನು ತಟ್ಟೆ ಎಸೆದಿದ್ದಕ್ಕೇ ಇಲ್ಲಿಗೆ ಬಂತು." ಅಂದರೆ ನಾನು ಇಷ್ಟು ಪುಟ ಖರ್ಚು ಮಾಡಿ ಹೇಳಿದ್ದು ಅವನಿಗೆ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತಾಗಲೇ ಗೊತ್ತಿತ್ತು. ಗೊತ್ತಿದ್ದೇ ಅವನು ಆ ಸಿಟ್ಟನ್ನು ಸಾಲ ತಂದುಕೊಂಡಿದ್ದ. ನಮ್ಮ ಸಿಟ್ಟಿಗೆ ತೆರೆಯ ಮೇಲೆ ಮುಖವಿಲ್ಲದ ಕಾಲದಲ್ಲಿ ವಿಷ್ಣುವರ್ಧನ್ ಮುಖವನ್ನು, ಆ ಕಡಗವನ್ನು ಕಡ ಪಡೆದು ಹಾಕಿಕೊಂಡು ಓಡಾಡಿದ. ಮೇಷ್ಟ್ರನ್ನು ಕೂಡ.

ಚಾಮಯ್ಯ ಮೇಷ್ಟ್ರನ್ನು ಇಷ್ಟು ಆಡಿಕೊಂಡ ಮೇಲೆ ನನ್ನ ಸಂಗತಿಯನ್ನೂ ಹೇಳಬೇಕು. ನಾನೀಗ ಮೇಷ್ಟ್ರು. ಕಳೆದ ವರ್ಷ ಸೆಮಿಸ್ಟರ್ ಪರೀಕ್ಷೆಯಲ್ಲಿ ನನ್ನ ಕೊಠಡಿಯಲ್ಲಿ ಒಬ್ಬ ಹುಡುಗ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ. ಹಾಸ್ಟೆಲಿನ ಹುಡುಗ, ನಮ್ಮ ಹುಡುಗ. ಸ್ಕ್ವಾಡಿನವರು ಬಾಗಿಲಲ್ಲೇ ನಿಂತಿದ್ದರು. ನಾನು ಫಾರಂ ತುಂಬಿದೆ, ಅವನ ರಿಜಿಸ್ಟರ್ ನಂಬರು ತಪ್ಪಿಲ್ಲದೆ ಬರೆದೆ, ಸಹಿ ಹಾಕಿಸಿಕೊಂಡೆ. ನಿಯಮ ಅದೇ, ತಪ್ಪೇನಿಲ್ಲ. ಅವನು ಬೈಯಲಿಲ್ಲ, ಕಲ್ಲು ತೂರಲಿಲ್ಲ, ಅಳಲೂ ಇಲ್ಲ. ಚಪ್ಪಲಿ ಹಾಕಿಕೊಂಡು ಹೋದ. ಆಮೇಲೆ ಕಾಲೇಜಿಗೆ ಬರಲಿಲ್ಲ. ಬೆಂಗಳೂರಿನಲ್ಲಿ ಬೈಕ್ ಮೇಲೆ ಊಟ ಹಂಚುವ ಕೆಲಸಕ್ಕೆ ಸೇರಿದ್ದಾನೆ ಅಂತ ಅವನ ಗೆಳೆಯರು ಹೇಳಿದರು.

ಈ ಲೇಖನ ಬರೆಯುವ ಮುಂಚೆ ಊರಿಗೆ ಹೋದಾಗ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಕಡಗವನ್ನು ಮೊಣಕೈವರೆಗೆ ಏರಿಸಿ ಇಳಿಸಿ, "ಅವ್ನ ಮನೆತಾಕ ಹೋಗಿದ್ದೇನಪ್ಪ?" ಅಂದ.

ಇಲ್ಲ ಅಂದೆ.