ಏಕಮುಖ ಅನೋವಾ: ಎಫ್ ಬೆಲೆ ಹೇಳುವುದೆಷ್ಟು?

ಮೂರು ಅಥವಾ ಅದಕ್ಕಿಂತ ಹೆಚ್ಚು ಗುಂಪುಗಳ ಸರಾಸರಿಗಳನ್ನು ಒಂದೇ ಪರೀಕ್ಷೆಯಲ್ಲಿ ಹೋಲಿಸುವ ವಿಧಾನ ಏಕಮುಖ ಅನೋವಾ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರದಲ್ಲಿ ಗೊಬ್ಬರ, ಇಳುವರಿಗಳ ಲೆಕ್ಕ ಹಾಕುತ್ತಿದ್ದ ರೊನಾಲ್ಡ್ ಫಿಶರ್ ಇದನ್ನು ರೂಪಿಸಿದರು. 1925ರಲ್ಲಿ ಬಂದ ಅವರ ‘ಸ್ಟಾಟಿಸ್ಟಿಕಲ್ ಮೆಥಡ್ಸ್ ಫಾರ್ ರಿಸರ್ಚ್ ವರ್ಕರ್ಸ್’ ಪುಸ್ತಕದಿಂದ ಇದು ಸಂಶೋಧಕರ ನಿತ್ಯದ ಬಳಕೆಗೆ ಬಂತು. ಈ ಪರೀಕ್ಷೆ ಲೆಕ್ಕ ಹಾಕುವ ಅನುಪಾತಕ್ಕೆ ಫಿಶರ್ ಗೌರವಾರ್ಥ ‘ಎಫ್’ ಎಂಬ ಅಕ್ಷರವನ್ನು ಇಟ್ಟವರು ಅಮೆರಿಕದ ಜಾರ್ಜ್ ಸ್ನೆಡೆಕಾರ್. ಫಿಶರ್ ಸ್ವತಃ ಬಳಸುತ್ತಿದ್ದದ್ದು ಬೇರೆ ಅಳತೆ.

ವಿಧಾನದ ತಿರುಳು ಸರಳ. ಒಂದೇ ಗುಂಪಿನೊಳಗಿನ ಅಂಕಿಗಳೂ ಪರಸ್ಪರ ಬೇರೆಯಾಗಿರುತ್ತವೆ. ಗುಂಪುಗಳ ಸರಾಸರಿಗಳು ಆ ಸಹಜ ಏರಿಳಿತಕ್ಕೆ ತಕ್ಕಷ್ಟೇ ಚದುರಿವೆಯೇ, ಮೀರಿ ಚದುರಿವೆಯೇ ಎಂಬುದನ್ನು ಎಫ್ ಅನುಪಾತ ಅಳೆಯುತ್ತದೆ. ಐದು ಗುಂಪುಗಳಿದ್ದರೆ ಹತ್ತು ಜೋಡಿಗಳಾಗುತ್ತವೆ. ಒಂದೊಂದಕ್ಕೂ ಎರಡು ಸರಾಸರಿಗಳನ್ನು ಹೋಲಿಸುವ ಟಿ ಪರೀಕ್ಷೆ ನಡೆಸಿದರೆ ಇಲ್ಲದ ವ್ಯತ್ಯಾಸ ಎಲ್ಲೋ ಒಂದು ಕಡೆ ‘ಸಿಕ್ಕಿಬಿಡುವ’ ಸಾಧ್ಯತೆ ಶೇ 5ಕ್ಕಿಂತ ಬಹಳ ಮೇಲೇರುತ್ತದೆ. ಈ ಅಪಾಯವನ್ನು ಒಂದೇ ಪರೀಕ್ಷೆಯಲ್ಲಿ ಹಿಡಿತಕ್ಕೆ ತರುವುದು ಅನೋವಾದ ದೊಡ್ಡ ಗುಣ.

ಅದರ ಮಿತಿ ತಿಳಿಯಲು ‘ಆರ್’ ತಂತ್ರಾಂಶದ ಜೊತೆಗೇ ಬರುವ ‘ಪ್ಲಾಂಟ್‌ಗ್ರೋತ್’ ದತ್ತಾಂಶ ಸಾಕು. ಯಾವ ಉಪಚಾರವೂ ಇಲ್ಲದ ಹತ್ತು ಗಿಡಗಳ ಒಣತೂಕದ ಸರಾಸರಿ 5.03, ಮೊದಲ ಉಪಚಾರದ ಹತ್ತರದ್ದು 4.66, ಎರಡನೆಯದರದ್ದು 5.53. ಗುಂಪುಗಳ ನಡುವಿನ ವೇರಿಯನ್ಸ್ (ಚದುರಿಕೆಯ ಅಳತೆ) 1.88, ಒಳಗಿನದು 0.39, ಎಫ್ 4.85, ಪಿ ಮೌಲ್ಯ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಎಫ್ ಬರುವ ಸಾಧ್ಯತೆ) 0.016. ಅನೇಕ ಪ್ರಬಂಧಗಳು ಇಲ್ಲಿಗೇ ನಿಂತು, ಉಪಚಾರ ಪರಿಣಾಮಕಾರಿ ಎಂದು ಬರೆದುಬಿಡುತ್ತವೆ. ಟ್ಯೂಕಿ ವಿಧಾನದಲ್ಲಿ ಜೋಡಿಗಳನ್ನು ಹೋಲಿಸಿದರೆ ಕಥೆ ಬೇರೆ: ಉಪಚಾರವಿಲ್ಲದ ಗುಂಪಿನಿಂದ ಎರಡು ಉಪಚಾರಗಳಲ್ಲಿ ಯಾವುದೂ ಸ್ಪಷ್ಟವಾಗಿ ಬೇರೆಯಾಗಿಲ್ಲ (ಪಿ 0.39 ಮತ್ತು 0.20). ವ್ಯತ್ಯಾಸ ಎದ್ದು ಕಾಣುವುದು ಉಪಚಾರಗಳೆರಡರ ನಡುವೆ ಮಾತ್ರ (ಪಿ 0.012). ಎಲ್ಲ ಸರಾಸರಿಗಳೂ ಒಂದೇ ಎನ್ನಲಾಗದು ಎಂದಷ್ಟೇ ಎಫ್ ಹೇಳಿತ್ತು. ಪ್ರಯೋಗ ಮಾಡಿದವರು ಕೇಳಬೇಕಿದ್ದ ಪ್ರಶ್ನೆ ಅದಲ್ಲ. ಎಫ್ ಗಡಿ ದಾಟಿದ ಮೇಲಷ್ಟೇ ಟ್ಯೂಕಿ ಎಂಬ ರೂಢಿಗೂ ದೊಡ್ಡ ಆಧಾರವಿಲ್ಲ, ತಪ್ಪಿನ ಸಾಧ್ಯತೆಗೆ ಟ್ಯೂಕಿ ವಿಧಾನ ತಾನೇ ಲಗಾಮು ಹಾಕುತ್ತದೆ.

ಪೂರ್ವಷರತ್ತುಗಳ ವಿಷಯದಲ್ಲೂ ಗಮನ ತಪ್ಪು ಕಡೆಗಿದೆ. ಎಲ್ಲ ಗುಂಪುಗಳ ಮೂಲ ಅಂಕಿಗಳನ್ನು ಒಟ್ಟು ಸೇರಿಸಿ, ಗಂಟೆಯಾಕಾರವಿದೆಯೇ ಎಂದು ನೋಡುವುದು ಸಾಮಾನ್ಯ. ನೋಡಬೇಕಾದದ್ದು ಗುಂಪಿನ ಸರಾಸರಿ ಕಳೆದು ಉಳಿಯುವ ಶೇಷಗಳನ್ನು. ಆಕಾರ ತುಸು ಓರೆಯಾದರೂ ಎಫ್ ತಾಳಿಕೊಳ್ಳುತ್ತದೆ. ಗುಂಪುಗಳ ಗಾತ್ರವೂ ಏರಿಳಿತವೂ ಅಸಮವಾಗಿದ್ದರೆ ತಾಳುವುದಿಲ್ಲ, ಆಗ ಸಂಖ್ಯಾಶಾಸ್ತ್ರಜ್ಞ ವೆಲ್ಚ್ 1951ರಲ್ಲಿ ಕೊಟ್ಟ ರೂಪವೇ ಲೇಸು. ಅತ್ಯಂತ ಹಾನಿಕರವಾದದ್ದು ಸ್ವತಂತ್ರವಲ್ಲದ ಅಳತೆಗಳು. ಒಂದೇ ಕುಂಡದ ಹತ್ತು ಎಲೆಗಳನ್ನು ಹತ್ತು ಪ್ರಯೋಗಗಳೆಂದು ಎಣಿಸಿದರೆ ಪಿ ಮೌಲ್ಯ ಸುಳ್ಳಾಗಿಯೇ ಕುಗ್ಗುತ್ತದೆ, ಯಾವ ತಂತ್ರಾಂಶವೂ ಅದರ ಬಗ್ಗೆ ಎಚ್ಚರಿಸುವುದಿಲ್ಲ.

ಗೊಬ್ಬರದ ಪ್ರಮಾಣವನ್ನು ಹಂತಹಂತವಾಗಿ ಏರಿಸುವ ಪ್ರಯೋಗಗಳಲ್ಲಿ ಇನ್ನೊಂದು ಕೊರತೆಯಿದೆ. ಅನೋವಾಕ್ಕೆ ಗುಂಪುಗಳ ಕ್ರಮ ಗೊತ್ತಿಲ್ಲ. 0, 25, 50, 75 ಕಿಲೋ ಎಂಬ ಚೀಟಿಗಳನ್ನು ಅದಲುಬದಲು ಮಾಡಿದರೂ ಎಫ್ ಅಷ್ಟೇ ಇರುತ್ತದೆ. ಪ್ರಮಾಣ ಏರಿದಂತೆ ಇಳುವರಿ ಏರಿತೇ ಎಂಬುದಕ್ಕೆ ಹಿಂಜರಿತ (ರಿಗ್ರೆಶನ್) ರೇಖೆಯನ್ನೋ ಮೊದಲೇ ನಿಗದಿಪಡಿಸಿದ ಹೋಲಿಕೆಗಳನ್ನೋ ಬಳಸಬೇಕು.