ಒಳ್ಳೆಯ ನೆಲ ಯಾವುದು?

ಬಿತ್ತುವವನ ಸಾಮ್ಯವನ್ನು (ಮಾರ್ಕ 4) ಬೋಧಿಸುವಾಗ ನಾವು ನೆಲವನ್ನು ಒಬ್ಬೊಬ್ಬರ ಹೃದಯವೆಂದಷ್ಟೇ ಅರ್ಥೈಸುತ್ತೇವೆ. ಸುವಾರ್ತೆಯ ವಿವರಣೆ ಇದಕ್ಕೆ ಆಧಾರ, ನಿಜ. ಆದರೆ ಮಣ್ಣೇ ಮರೆಯಾಗುತ್ತದೆ.

ಕಲಬುರಗಿ, ಕಮಲಾಪುರಗಳ ಎರೆಭೂಮಿ ಈ ವ್ಯಾಖ್ಯಾನದ ಕೊರತೆಯನ್ನು ತೋರಿಸುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಇಲ್ಲಿನ ತೊಗರಿಯ ಬೇರುಗಂಟುಗಳಲ್ಲಿ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ. ಉದುರಿದ ಎಲೆ ಗೊಬ್ಬರವಾಗುತ್ತದೆ. ವರ್ಷವರ್ಷವೂ ತೊಗರಿಯನ್ನೇ ಬಿತ್ತಿದರೆ ನೆಟೆರೋಗದ ಶಿಲೀಂಧ್ರ ಮಣ್ಣಿನಲ್ಲಿ ಹೆಚ್ಚುತ್ತದೆ. ಜೊತೆಗೆ ಜೋಳ ಬೆಳೆದರೆ ರೋಗ ತಗ್ಗುತ್ತದೆ. ಅನೇಕ ಜೀವಿಗಳ ಸಹವಾಸವೂ ರೈತನ ಪಾಲನೆಯೂ ಸೇರಿಯೇ ನೆಲ ಒಳ್ಳೆಯದಾಗಿ ಉಳಿಯುತ್ತದೆ.

ಆದ್ದರಿಂದ ಫಲಕೊಡದ ಕೇಳುಗನನ್ನು ಮಾತ್ರ ದೂರುವ ಪ್ರಸಂಗ ಅಪೂರ್ಣ. ಅವನ ನೆಲವನ್ನು ಹದಗೊಳಿಸಬೇಕಾದ ಸಭೆಯನ್ನೂ ಅದು ಪ್ರಶ್ನಿಸಬೇಕು. ಯಾಜಕಕಾಂಡ 25 ಭೂಮಿಗೂ ವಿಶ್ರಾಂತಿಯನ್ನು ವಿಧಿಸುತ್ತದೆ. ಮಣ್ಣು ನಮ್ಮ ಉಪಮಾನವಾಗುವ ಮೊದಲೇ ದೇವರ ಸೊತ್ತು.